ಕೆನಡಾ ಪಿಆರ್‌ಗೆ ಫ್ರೆಂಚ್: ಸೊಸೈಟಿಯಲ್ಲಿ ಕೇಳುವ ಮಾತು, ನಿಯಮ ಹೇಳುವ ಮಾತು

ನವಿ ಮುಂಬೈಯ ಸೀವುಡ್ಸ್‌ನ ಸೊಸೈಟಿಗಳಲ್ಲಿ ಕೆನಡಾಕ್ಕೆ ಹೊರಟ ಹುಡುಗ ಹುಡುಗಿಯರನ್ನು ಹಿಂದೆಲ್ಲ ಕೇಳುತ್ತಿದ್ದದ್ದು ‘ಐಇಎಲ್‌ಟಿಎಸ್‌ನಲ್ಲಿ ಎಷ್ಟು ಬ್ಯಾಂಡ್ ಬಂತು?’ ಎಂದು. ಈಗಿನ ಪ್ರಶ್ನೆ ‘ಫ್ರೆಂಚ್ ಶುರು ಮಾಡಿದ್ಯಾ?’ ಐರೋಳಿ, ಮಹಾಪೆಯ ಐಟಿ ಕಂಪನಿಗಳಿಗೆ ಹೋಗಿಬರುವ ನಮ್ಮ ಕನ್ನಡ, ತುಳು ಮನೆಗಳ ಮಕ್ಕಳು ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತು ಕ್ರಿಯಾಪದದ ರೂಪಗಳನ್ನು ಬಾಯಿಪಾಠ ಮಾಡುತ್ತಿದ್ದಾರೆ.

ಈ ಗಾಳಿ ಸುಮ್ಮನೆ ಬೀಸಿದ್ದಲ್ಲ. ಪಿಆರ್‌ಗೆ, ಅಂದರೆ ಕಾಯಂ ವಾಸದ ಹಕ್ಕಿಗೆ, ದಾರಿಯಾದ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆ 2015ರ ಜನವರಿಯಲ್ಲಿ ಶುರುವಾಯಿತು. ವಯಸ್ಸು, ಓದು, ಕೆಲಸದ ಅನುಭವ, ಭಾಷೆ ಇವಕ್ಕೆಲ್ಲ ಅಂಕ ಕೊಟ್ಟು, ಒಟ್ಟು 1,200ರ ಲೆಕ್ಕದಲ್ಲಿ ಅರ್ಜಿದಾರರನ್ನು ಸಾಲಾಗಿ ನಿಲ್ಲಿಸಿ, ಮೇಲಿನವರನ್ನು ಮೊದಲು ಕರೆಯುವ ಪದ್ಧತಿ ಅದು. ಆ ಅಂಕಕ್ಕೆ ಸಿಆರ್‌ಎಸ್ ಎಂದು ಹೆಸರು. 2023ರ ಮೇ ಕೊನೆಯಲ್ಲಿ ಅಲ್ಲಿನ ಸರ್ಕಾರ ಕೆಲವು ವರ್ಗದವರನ್ನು ಪ್ರತ್ಯೇಕವಾಗಿ ಕರೆಯುವುದಾಗಿ ಘೋಷಿಸಿತು. ಅದರಲ್ಲೊಂದು ವರ್ಗ ಫ್ರೆಂಚ್ ಬಲ್ಲವರದು. ಅವರಿಗೆಂದೇ ನಡೆದ ಮೊದಲ ಸುತ್ತು 2023ರ ಜುಲೈ 7ರಂದು. 2,300 ಜನರಿಗೆ ಆಮಂತ್ರಣ ಹೋಯಿತು, ಕೊನೆಯವರ ಅಂಕ 439. ಆಮೇಲೆ ಬಂದದ್ದು 2024ರ ಫೆಬ್ರವರಿ. 28ನೇ ತಾರೀಖಿನ ಸಾಮಾನ್ಯ ಸುತ್ತಿನಲ್ಲಿ 534 ಅಂಕಕ್ಕಿಂತ ಕೆಳಗಿದ್ದವರು ಹೊರಗುಳಿದರು. ಮರುದಿನ 29ರಂದು ಫ್ರೆಂಚ್ ಸುತ್ತಿನಲ್ಲಿ 336 ಇದ್ದವರಿಗೂ ಬಾಗಿಲು ತೆರೆಯಿತು. ಒಂದೇ ರಾತ್ರಿಯಲ್ಲಿ ಸುಮಾರು ಇನ್ನೂರು ಅಂಕದ ಅಂತರ.

ಆ 336 ಎಂಬ ಸಂಖ್ಯೆ ವಾಟ್ಸಾಪ್‌ನಲ್ಲಿ ಸುತ್ತಿದಷ್ಟು ಬೇಗ ಅದರ ಹಿಂದಿನ ನಿಯಮ ಸುತ್ತಲಿಲ್ಲ. ಅದಕ್ಕೇ ಈ ಬರಹ.

‘ಸ್ವಲ್ಪ ಬಂದ್ರೂ ಸಾಕು, ಬಂದಷ್ಟಕ್ಕೆ ಪಾಯಿಂಟ್ ಸಿಗ್ತದೆ’

ಎಲ್ಲಕ್ಕಿಂತ ಹೆಚ್ಚು ದುಡ್ಡು, ಸಮಯ ತಿಂದಿರುವ ತಪ್ಪು ಕಲ್ಪನೆ ಇದು. ಕೆನಡಾ ಫ್ರೆಂಚ್ ಸಾಮರ್ಥ್ಯವನ್ನು ಅಳೆಯುವ ಮಾಪನಕ್ಕೆ ಎನ್‌ಸಿಎಲ್‌ಸಿ ಎನ್ನುತ್ತಾರೆ. ಇಂಗ್ಲಿಷಿನ ಸಿಎಲ್‌ಬಿಗೆ ಅದು ಜೋಡಿ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ನಾಲ್ಕರಲ್ಲೂ 7ನೇ ಹಂತ ಮುಟ್ಟಿದರೆ ಮಾತ್ರ ಫ್ರೆಂಚ್ ವರ್ಗದ ಸುತ್ತಿಗೆ ನೀವು ಲೆಕ್ಕಕ್ಕೆ ಬರುತ್ತೀರಿ. ಮೂರರಲ್ಲಿ 9, ಒಂದರಲ್ಲಿ 6 ಬಂದರೆ ಇಲ್ಲ. ಸರಾಸರಿ ತೆಗೆಯುವ ಮಾತೇ ಇಲ್ಲ.

ಅಂಕದ ಲೆಕ್ಕ ಮಾಡಿ ನೋಡೋಣ. ಮದುವೆಯಾಗದ ಒಬ್ಬ ಅರ್ಜಿದಾರ, ಇಂಗ್ಲಿಷ್ ಮೊದಲ ಭಾಷೆ, ಫ್ರೆಂಚ್ ಎರಡನೆಯದು. ಎರಡನೇ ಭಾಷೆಗೆ 5 ಅಥವಾ 6ನೇ ಹಂತದಲ್ಲಿ ಪ್ರತಿ ವಿಭಾಗಕ್ಕೆ 1 ಅಂಕ, 7 ಅಥವಾ 8ಕ್ಕೆ 3, 9 ಮತ್ತು ಮೇಲೆ 6. ನಾಲ್ಕರಲ್ಲೂ 7 ಬಂದರೆ ಮೂರು ನಾಲ್ಕಲಿ 12. ಅದರ ಮೇಲೆ, ಇಂಗ್ಲಿಷ್ ನಾಲ್ಕರಲ್ಲೂ 5 ಅಥವಾ ಹೆಚ್ಚಿದ್ದರೆ, 50 ಹೆಚ್ಚುವರಿ ಅಂಕ. ಒಟ್ಟು 62. ಈಗ ಅದೇ ಹುಡುಗನಿಗೆ ಮಾತಾಡುವುದರಲ್ಲಿ ಮಾತ್ರ 6 ಬಂತು ಅನ್ನಿ. ಮೂರು ಮೂರಲಿ 9, ಜೊತೆಗೆ 1, ಒಟ್ಟು 10. ಹೆಚ್ಚುವರಿ 50 ಹೋಯಿತು, ಫ್ರೆಂಚ್ ಸುತ್ತೂ ಹೋಯಿತು. ನಾಲ್ಕರಲ್ಲೂ 5ನೇ ಹಂತದಲ್ಲೇ ನಿಂತವನಿಗೆ ಸಿಗುವುದು ಬರೀ 4. ವರ್ಷಗಟ್ಟಲೆ ಕಲಿತು ನಾಲ್ಕು ಅಂಕ!

ಹಾಗೆಂದು 5ನೇ ಹಂತ ಪೂರ್ತಿ ದಂಡ ಅಲ್ಲ. ಫೆಡರಲ್ ಸ್ಕಿಲ್ಡ್ ವರ್ಕರ್ ಯೋಜನೆಗೆ ಅರ್ಹರಾಗಲು 100ರಲ್ಲಿ 67 ಬೇಕಲ್ಲ, ಅಲ್ಲಿ ಎರಡನೇ ಭಾಷೆಯ ನಾಲ್ಕೂ ವಿಭಾಗದಲ್ಲಿ 5 ಇದ್ದರೆ 4 ಅಂಕ ಸಿಗುತ್ತದೆ. 63, 64ರಲ್ಲಿ ನಿಂತವರಿಗೆ ಅದೇ ದೊಡ್ಡದು. 2025ರ ಆರಂಭದಲ್ಲಿ ಶುರುವಾದ ಫ್ರಾಂಕೊಫೋನ್ ಕಮ್ಯುನಿಟಿ ಇಮಿಗ್ರೇಷನ್ ಪೈಲಟ್ ಕೂಡ 5ನೇ ಹಂತದವರನ್ನು ತೆಗೆದುಕೊಳ್ಳುತ್ತದೆ. ಆದರೆ ಅದಕ್ಕೆ ಸಡ್‌ಬರಿ, ಟಿಮಿನ್ಸ್, ಕೆಲೋನಾದಂಥ ಆರು ಗೊತ್ತಾದ ಪ್ರದೇಶಗಳಲ್ಲಿ, ಮಾನ್ಯತೆ ಪಡೆದ ಮಾಲೀಕರಿಂದ ಕೆಲಸದ ಆಫರ್ ಕೈಯಲ್ಲಿರಬೇಕು. ನವಿ ಮುಂಬೈಯಲ್ಲಿ ಕೂತು ಆಫರ್ ಗಿಟ್ಟಿಸುವುದು ಫ್ರೆಂಚ್ ಕಲಿಯುವುದಕ್ಕಿಂತ ಸುಲಭವೇನಲ್ಲ. ನನ್ನ ಅಭಿಪ್ರಾಯ ಕೇಳಿದರೆ, 7 ಮುಟ್ಟುವ ಸಂಕಲ್ಪ ಇಲ್ಲದವರು ಆ ಫೀಸನ್ನು ಇಂಗ್ಲಿಷ್ ಅಂಕ ಏರಿಸಲು ಹಾಕುವುದು ಮೇಲು.

‘ಹನ್ನೆರಡನೇಯಲ್ಲಿ ಫ್ರೆಂಚ್‌ಗೆ ತೊಂಬತ್ತರ ಮೇಲೆ ಬಂದಿತ್ತು’

ಮುಂಬೈಯ ಜೂನಿಯರ್ ಕಾಲೇಜುಗಳಲ್ಲಿ ಅಂಕಕ್ಕೋಸ್ಕರ ಫ್ರೆಂಚ್ ತೆಗೆದುಕೊಂಡವರು ಮನೆಗೊಬ್ಬರು ಸಿಗುತ್ತಾರೆ. ಕರ್ನಾಟಕದ ಪಿಯುಸಿಯಲ್ಲೂ ಇದೇ ಕತೆ. ಮಾರ್ಕ್ಸ್ ಕಾರ್ಡ್ ಲ್ಯಾಮಿನೇಟ್ ಮಾಡಿ ಇಟ್ಟುಕೊಂಡಿದ್ದರೂ ಕೆನಡಾದ ವಲಸೆ ಇಲಾಖೆಗೆ, ಅಂದರೆ ಐಆರ್‌ಸಿಸಿಗೆ, ಅದು ಕಾಗದವೇ ಅಲ್ಲ. ಫ್ರೆಂಚಿನಲ್ಲಿ ಎಂಎ ಮಾಡಿದವರಿಗೂ ವಿನಾಯಿತಿ ಇಲ್ಲ. ಪ್ಯಾರಿಸ್‌ನಲ್ಲೇ ಹುಟ್ಟಿ ಬೆಳೆದವನೂ ಅರ್ಜಿ ಹಾಕುವಾಗ ಪರೀಕ್ಷೆ ಬರೆಯಲೇಬೇಕು.

ಎಕ್ಸ್‌ಪ್ರೆಸ್ ಎಂಟ್ರಿಗೆ ನಡೆಯುವ ಫ್ರೆಂಚ್ ಪರೀಕ್ಷೆ ಎರಡೇ. ಒಂದು, ಪ್ಯಾರಿಸ್‌ನ ವಾಣಿಜ್ಯ ಮಂಡಳಿ ನಡೆಸುವ ಟೆಫ್ ಕೆನಡಾ. ಇನ್ನೊಂದು, ಫ್ರಾನ್ಸ್ ಎಜುಕಾಸಿಯೋಂ ಇಂಟರ್‌ನ್ಯಾಸಿಯೋನಾಲ್ ಸಂಸ್ಥೆಯ ಟಿಸಿಎಫ್ ಕೆನಡಾ. ಹೆಸರಿನ ಕೊನೆಯ ‘ಕೆನಡಾ’ ಗಮನಿಸಿ. ಟಿಸಿಎಫ್ ಕ್ವಿಬೆಕ್ ಅಂತ ಬೇರೆ ಇದೆ, ಸುಮ್ಮನೆ ಟಿಸಿಎಫ್ ಅಂತಲೂ ಇದೆ. ತಪ್ಪು ಡಬ್ಬಿಗೆ ಟಿಕ್ ಹಾಕಿ ಫೀಸು ಕಟ್ಟಿದರೆ ಆ ಫಲಿತಾಂಶ ಇಲ್ಲಿ ಕೆಲಸಕ್ಕೆ ಬಾರದು. ಮನೆಯಲ್ಲಿ ಕೂತು ಆನ್‌ಲೈನ್ ಬರೆಯುವ ಪರೀಕ್ಷೆಯೂ ನಡೆಯದು, ಕೇಂದ್ರಕ್ಕೇ ಹೋಗಬೇಕು.

ಹೆಚ್ಚು ಜನ ಎಡವುವುದು ಡೆಲ್ಫ್ ವಿಷಯದಲ್ಲಿ. ಅಲಿಯಾನ್ಸ್ ಫ್ರಾಂಸೇಜ್‌ನಲ್ಲಿ ಕಲಿತವರು ಎ1, ಎ2, ಬಿ1 ಎಂದು ಮೆಟ್ಟಿಲು ಹತ್ತಿ ಬಿ2 ಡಿಪ್ಲೊಮಾ ತೆಗೆದುಕೊಂಡಿರುತ್ತಾರೆ. ಅದು ಫ್ರಾನ್ಸ್ ಸರ್ಕಾರದ ಡಿಪ್ಲೊಮಾ, ಜೀವನಪೂರ್ತಿ ನಡೆಯುತ್ತದೆ. ಇಷ್ಟು ಗಟ್ಟಿ ಕಾಗದವನ್ನು ಕೆನಡಾ ಯಾಕೆ ಒಪ್ಪುವುದಿಲ್ಲ ಎಂದು ಸಿಟ್ಟು ಬರುವುದು ಸಹಜ. ಡೆಲ್ಫ್ ಪಾಸಾಗಲು 100ಕ್ಕೆ 50 ಸಾಕು, ಪ್ರತಿ ವಿಭಾಗದಲ್ಲಿ 25ಕ್ಕೆ 5 ಇದ್ದರೆ ಆಯಿತು. ಓದು, ಬರಹದಲ್ಲಿ ಭರ್ಜರಿ ತೆಗೆದು ಮಾತಿನಲ್ಲಿ ಆರೋ ಏಳೋ ತೆಗೆದವನ ಕೈಯಲ್ಲೂ ಬಿ2 ಇರುತ್ತದೆ. ಟೆಫ್, ಟಿಸಿಎಫ್‌ಗಳಲ್ಲಿ ಪಾಸು ಫೇಲು ಇಲ್ಲ. ಪ್ರತಿ ವಿಭಾಗದ ಅಂಕ ಬೇರೆ ಬೇರೆ ಬರುತ್ತದೆ, ಅದನ್ನು ಎನ್‌ಸಿಎಲ್‌ಸಿ ಹಂತಕ್ಕೆ ಹೋಲಿಸಿ ನೋಡುತ್ತಾರೆ. ಟಿಸಿಎಫ್ ಕೆನಡಾದಲ್ಲಿ 7ನೇ ಹಂತಕ್ಕೆ ಓದಿನಲ್ಲಿ 453, ಕೇಳುವುದರಲ್ಲಿ 458, ಬರಹ ಮತ್ತು ಮಾತಿನಲ್ಲಿ 20ಕ್ಕೆ 10 ಬೇಕು. ಡೆಲ್ಫ್‌ಗೆ ಓದಿದ ಓದು ವ್ಯರ್ಥವಲ್ಲ. ಕಾಗದ ಮಾತ್ರ ಬೇರೆ ಬೇಕು.

‘ಫ್ರೆಂಚ್ ಅಂದ್ರೆ ಕ್ವಿಬೆಕ್ ತಾನೆ, ಮಾಂಟ್ರಿಯಲ್‌ಗೆ ಹೋಗ್ಬೇಕು’

ಉಲ್ಟಾ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿ ಹಾಕುವವರು ಕ್ವಿಬೆಕ್‌ನ ಹೊರಗೆ ನೆಲೆಸುವ ಉದ್ದೇಶ ಇರುವವರಾಗಿರಬೇಕು. 1991ರ ಒಪ್ಪಂದದ ಪ್ರಕಾರ ಕ್ವಿಬೆಕ್ ತನ್ನ ನುರಿತ ಕೆಲಸಗಾರರನ್ನು ತಾನೇ ಆರಿಸಿಕೊಳ್ಳುತ್ತದೆ. ಅದರ ಪೋರ್ಟಲ್ ಬೇರೆ, ಅರಿಮಾ ಎಂದು ಹೆಸರು. ಭಾಷೆಯ ಪುರಾವೆಯ ನಿಯಮವೂ ಬೇರೆ. ಅಲ್ಲಿ ಡೆಲ್ಫ್, ಅದರ ಮುಂದಿನ ಮೆಟ್ಟಿಲಾದ ಡಾಲ್ಫ್ ಕೂಡ ನಡೆಯುತ್ತದೆ. ‘ಡೆಲ್ಫ್ ನಡೀತದೆ ಮಾರಾಯ, ನನ್ನ ಫ್ರೆಂಡಿಗೆ ನಡೆದಿದೆ’ ಎಂದು ಯಾರಾದರೂ ಹೇಳಿದರೆ ಆ ಫ್ರೆಂಡ್ ಕ್ವಿಬೆಕ್ ದಾರಿಯಲ್ಲಿ ಹೋದವನಿರಬೇಕು.

ಹಾಗಾದರೆ ಒಟ್ಟಾವಾದ ಸರ್ಕಾರಕ್ಕೆ ಕ್ವಿಬೆಕ್ ಹೊರಗೆ ಫ್ರೆಂಚ್ ಬಲ್ಲವರ ಮೇಲೆ ಇಷ್ಟು ಪ್ರೀತಿ ಯಾಕೆ? 1971ರಲ್ಲಿ ಕ್ವಿಬೆಕ್ ಹೊರಗಿನ ಕೆನಡಾದಲ್ಲಿ ಫ್ರೆಂಚ್ ಭಾಷಿಕರು ನೂರಕ್ಕೆ 6.1 ಇದ್ದರು. 2021ರ ಹೊತ್ತಿಗೆ 3.3ಕ್ಕೆ ಇಳಿದರು. ಇಂಗ್ಲಿಷಿನ ಸಮುದ್ರದ ನಡುವೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ಮನೆಮಾತು ಕರಗಿತು. ಹೊರನಾಡಿನ ಕನ್ನಡಿಗರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ನಮ್ಮ ಮೊಮ್ಮಕ್ಕಳು ಅಜ್ಜಿಯ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂದು ನೋಡಿದರೆ ಸಾಕು. ಅಲ್ಲಿ ಸರ್ಕಾರ ಕಾನೂನನ್ನೇ ತಿದ್ದಿತು. 2023ರ ಜೂನ್‌ನಲ್ಲಿ ತಿದ್ದುಪಡಿಯಾದ ಅಧಿಕೃತ ಭಾಷಾ ಕಾಯ್ದೆ, ವಲಸೆಯ ಮೂಲಕ ಆ ಹಳೆಯ ಪ್ರಮಾಣವನ್ನು ಮತ್ತೆ ತರಬೇಕೆಂದು ಹೇಳುತ್ತದೆ. ನ್ಯೂ ಬ್ರನ್ಸ್‌ವಿಕ್ ಅಧಿಕೃತವಾಗಿ ದ್ವಿಭಾಷಾ ಪ್ರಾಂತ್ಯ, ದೇಶದಲ್ಲಿ ಅದೊಂದೇ. ಒಂಟಾರಿಯೊದ ಸಡ್‌ಬರಿ, ವಿನಿಪೆಗ್‌ನ ಸೇಂಟ್ ಬೋನಿಫೇಸ್ ಇವೆಲ್ಲ ಫ್ರೆಂಚ್ ಉಸಿರಾಡುವ ಊರು, ಬಡಾವಣೆಗಳು.

ಫ್ರೆಂಚ್ ಅಂಕದ ಮೇಲೆ ಹೋದವರು ಅಲ್ಲಿ ಫ್ರೆಂಚ್‌ನಲ್ಲೇ ಕೆಲಸ ಮಾಡಬೇಕೆಂದು ನಿಯಮ ಇಲ್ಲ. ಟೊರೊಂಟೊದಲ್ಲಿ ಇಂಗ್ಲಿಷ್ ಆಫೀಸಿಗೆ ಸೇರಿದರೂ ತಪ್ಪಲ್ಲ. ಪಿಆರ್ ಕೈಗೆ ಬರುವ ಮೊದಲೇ ಮಾಂಟ್ರಿಯಲ್‌ನಲ್ಲಿ ಮನೆ ನೋಡಿ, ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುವುದು ಮಾತ್ರ ತಪ್ಪು.

‘ಐದು ಭಾಷೆ ಬರುವವರಿಗೆ ಆರನೇದು ಏನು ಮಹಾ’

ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಬಾಜಾರಿನಲ್ಲಿ ಮರಾಠಿ, ಲೋಕಲ್‌ನಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್. ನವಿ ಮುಂಬೈಯ ನಮ್ಮವರಿಗೆ ಈ ಹೆಮ್ಮೆ ಇದೆ, ಇರಲಿ. ಆದರೆ ಈ ಐದನ್ನೂ ನಾವು ಕಲಿತದ್ದು ಬೀದಿಯಲ್ಲಿ, ಕಿವಿಯಿಂದ. ಸೀವುಡ್ಸ್‌ನಲ್ಲಿ ಫ್ರೆಂಚ್‌ಗೆ ಬೀದಿ ಇಲ್ಲ. ಕ್ಲಾಸಿನ ಎರಡು ಗಂಟೆ ಮುಗಿದ ಮೇಲೆ ಕಿವಿಗೆ ಒಂದು ಶಬ್ದ ಬೀಳುವುದಿಲ್ಲ. ಅದಕ್ಕೇ ವ್ಯಾಕರಣದಲ್ಲಿ ಮುಂದಿರುವ ಹುಡುಗರು ಕೇಳುವ ಪರೀಕ್ಷೆಯಲ್ಲಿ ಮುಗ್ಗರಿಸುತ್ತಾರೆ. ಟಿಸಿಎಫ್‌ನಲ್ಲಿ 35 ನಿಮಿಷಕ್ಕೆ 39 ಪ್ರಶ್ನೆ, ಧ್ವನಿ ಒಂದೇ ಸಲ ಕೇಳಿಸುತ್ತದೆ. ಪದದ ಕೊನೆಯ ಅಕ್ಷರ ನುಂಗಿ, ಮುಂದಿನ ಪದಕ್ಕೆ ಅಂಟಿಸಿ ಮಾತಾಡುವ ಭಾಷೆ ಅದು. ಪ್ರತಿ ಪದಕ್ಕೂ ಸ್ವರದ ಬಾಲ ಇಟ್ಟು ಮಾತಾಡುವ ನಮ್ಮವರ ಕಿವಿ ಹೊಂದಿಕೊಳ್ಳಲು ದಿನ ಬೇಕು.

ಮಾತಿನ ಪರೀಕ್ಷೆ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಿ. ಟೆಫ್ ಕೆನಡಾದಲ್ಲಿ ಅದು ಹದಿನೈದು ನಿಮಿಷ, ಎರಡು ಭಾಗ. ಮೊದಲ ಐದು ನಿಮಿಷಕ್ಕೆ ಒಂದು ಜಾಹೀರಾತು ಕೊಡುತ್ತಾರೆ: ಬಾಡಿಗೆ ಮನೆ, ಈಜು ತರಗತಿ, ಹೀಗೇನೋ. ಪರೀಕ್ಷಕರು ಜಾಹೀರಾತು ಕೊಟ್ಟವರಂತೆ ನಟಿಸುತ್ತಾರೆ, ನೀವು ಫೋನ್ ಮಾಡಿದವರಂತೆ ಒಂದರ ಹಿಂದೊಂದು ಪ್ರಶ್ನೆ ಕೇಳಿ ಮಾಹಿತಿ ತೆಗೆಯಬೇಕು. ಇಲ್ಲಿ ಬಹುವಚನದ ಗೌರವ. ಮುಂದಿನ ಹತ್ತು ನಿಮಿಷಕ್ಕೆ ಇನ್ನೊಂದು ಜಾಹೀರಾತು. ಈಗ ಅದೇ ಪರೀಕ್ಷಕರು ನಿಮ್ಮ ಗೆಳೆಯ, ಏಕವಚನದ ಸಲಿಗೆ. ‘ಬಾ, ಹೋಗೋಣ’ ಎಂದು ಒಪ್ಪಿಸಬೇಕು. ಗೆಳೆಯ ಸುಲಭಕ್ಕೆ ಒಪ್ಪುವುದಿಲ್ಲ: ದುಡ್ಡಿಲ್ಲ, ಟೈಮಿಲ್ಲ, ಬೆನ್ನು ನೋವು. ಪ್ರತಿ ನೆಪಕ್ಕೂ ಅಲ್ಲೇ ಉತ್ತರ ಹುಡುಕಬೇಕು. ನೀವು, ನೀನು ಬೆರೆಸಿದರೆ ಪರೀಕ್ಷಕರ ಕಿವಿಗೆ ಬೀಳುತ್ತದೆ. ಇವೆರಡನ್ನು ಬೇರೆ ಬೇರೆ ಇಡುವುದು ನಮಗೆ ಕನ್ನಡದಿಂದಲೇ ಬಂದ ಅಭ್ಯಾಸ, ಇಂಗ್ಲಿಷಿನಲ್ಲೇ ಯೋಚಿಸುವವರಿಗೆ ಕಷ್ಟ.

ಬಾಯಿಪಾಠ ಮಾಡಿದ ಪ್ರಬಂಧ ಇಲ್ಲಿ ಮೊದಲ ನಿಮಿಷಕ್ಕೇ ಖಾಲಿ. ಬರಹದಲ್ಲೂ ಅಷ್ಟೆ. ಅರ್ಧಕ್ಕೆ ನಿಲ್ಲಿಸಿದ ಒಂದು ಸಣ್ಣ ಸುದ್ದಿಯನ್ನು ನೀವು ಮುಂದುವರಿಸಿ ಮುಗಿಸಬೇಕು, ಆಮೇಲೆ ಪತ್ರಿಕೆಗೆ ಕಾಗದದ ಧಾಟಿಯಲ್ಲಿ ಒಂದು ಅಭಿಪ್ರಾಯಕ್ಕೆ ವಾದ ಕಟ್ಟಬೇಕು.

‘ಟೆಫ್ ಕಷ್ಟ, ಟಿಸಿಎಫ್ ಸುಲಭ’

ಎರಡೂ ಅಳೆಯುವುದು ಒಂದನ್ನೇ. ಟಿಸಿಎಫ್‌ನ ಮಾತಿನ ಪರೀಕ್ಷೆ ಹನ್ನೆರಡು ನಿಮಿಷ, ಮೂರು ತುಂಡು. ಟೆಫ್ ನಾಟಕದಂತೆ, ಟಿಸಿಎಫ್ ಸಂದರ್ಶನದಂತೆ. ಯಾವುದರಲ್ಲಿ ನಾಲಿಗೆ ಸಡಿಲವೋ ಅದು. ಎಷ್ಟೋ ಸಲ ಆಯ್ಕೆಯನ್ನು ಮಾಡುವುದು ತಾರೀಖು. ಪರೀಕ್ಷೆ ನಡೆಸುವ ಮುಂಬೈಯ ಅಲಿಯಾನ್ಸ್ ಫ್ರಾಂಸೇಜ್ ಇರುವುದು ನ್ಯೂ ಮರೀನ್ ಲೈನ್ಸ್‌ನ ಥಿಯೊಸಫಿ ಹಾಲ್‌ನಲ್ಲಿ. ಸೀವುಡ್ಸ್‌ನಿಂದ ಹಾರ್ಬರ್ ಲೈನಿನಲ್ಲಿ ಸಿಎಸ್‌ಎಂಟಿಗೆ ಒಂದು ಗಂಟೆಗೂ ಮೇಲೆ. ಸೀಟು ಸಿಗದಿದ್ದರೆ ಪುಣೆ, ಬೆಂಗಳೂರಿನ ತಿಮ್ಮಯ್ಯ ರಸ್ತೆ ಎಂದು ಹುಡುಕುವವರಿದ್ದಾರೆ. ಬೆಂಗಳೂರಿನಲ್ಲಿ ಅತ್ತೆ ಮನೆಯೋ ಮಾವನ ಮನೆಯೋ ಇದ್ದರೆ ಅದೂ ಒಂದು ಅನುಕೂಲ. ಒಂದು ಸಲ ಬರೆದು ಮಾತಿನಲ್ಲಿ ಮಾತ್ರ ಕಡಿಮೆ ಬಂದರೆ ಅದೊಂದನ್ನು ಇನ್ನೊಂದು ಪರೀಕ್ಷೆಯಿಂದ ತಂದು ಜೋಡಿಸುವಂತಿಲ್ಲ. ನಾಲ್ಕೂ ಒಂದೇ ಅಂಕಪಟ್ಟಿಯಲ್ಲಿರಬೇಕು.

‘ನನ್ನ ಹೆಂಡ್ತಿಗೆ ಫ್ರೆಂಚ್ ಬರ್ತದೆ, ಅವಳ ಪಾಯಿಂಟ್ ಸೇರಿಸಿದ್ರಾಯ್ತು’

ಸೇರುವುದಿಲ್ಲ. ಆ 50 ಅಂಕವೂ, ಫ್ರೆಂಚ್ ಸುತ್ತಿನ ಅವಕಾಶವೂ ಮುಖ್ಯ ಅರ್ಜಿದಾರರಿಗೆ ಮಾತ್ರ. ಜೊತೆಗಾರರ ಒಂದೇ ಭಾಷೆಗೆ, ಇಂಗ್ಲಿಷೋ ಫ್ರೆಂಚೋ, ಹೆಚ್ಚೆಂದರೆ 20 ಅಂಕ. ಅವರ ಎರಡನೇ ಭಾಷೆಗೆ ಏನೂ ಇಲ್ಲ.

ಇಂಥ ಮನೆಗಳಲ್ಲಿ ಅರ್ಜಿಯನ್ನೇ ತಿರುಗಿಸಿ ಹಾಕಬೇಕು: ಹೆಂಡತಿ ಮುಖ್ಯ, ಗಂಡ ಜೊತೆಗಾರ. ಹೆಂಡತಿಗೆ ಕಳೆದ ಹತ್ತು ವರ್ಷದಲ್ಲಿ ಸತತ ಒಂದು ವರ್ಷದ ನುರಿತ ಕೆಲಸದ ಅನುಭವ ಇದ್ದು, 67ರ ಗಡಿ ದಾಟಿದರೆ ಸಾಕು. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟವರೂ ಇದರಲ್ಲಿ ಬರಬಹುದು. ಆದರೆ ‘ಫೈಲು ಯಜಮಾನರ ಹೆಸರಲ್ಲೇ ಇರಲಿ’ ಎಂಬ ಒಂದು ಮಾತಿಗೆ ಕಟ್ಟುಬಿದ್ದು ಎರಡು ವರ್ಷ ಕಾದ ಮನೆಗಳಿವೆ. ಕ್ಯಾಲ್ಕ್ಯುಲೇಟರ್ ಕೈಯಲ್ಲಿ ಹಿಡಿದು ಎರಡೂ ರೀತಿ ಲೆಕ್ಕ ಹಾಕಿ ನೋಡಲು ಅರ್ಧ ಗಂಟೆ ಬೇಡ.

‘336 ಇದ್ರೆ ಕರೆ ಬಂದೇ ಬರ್ತದೆ’

ಅದು ಒಂದು ದಿನದ ಅಂಕ, ಕಾಯಂ ಗಡಿಯಲ್ಲ. 2025ರ ಮಾರ್ಚ್ 21ರ ಫ್ರೆಂಚ್ ಸುತ್ತು 379ಕ್ಕೆ ನಿಂತಿತು, ಅದೇ ವರ್ಷ ಆಗಸ್ಟ್ 8ರದ್ದು 481ಕ್ಕೆ. ಎಷ್ಟು ಜನರನ್ನು ಕರೆಯುತ್ತಾರೆ, ಕೊಳದಲ್ಲಿ, ಅಂದರೆ ಕರೆಗೆ ಕಾಯುವ ಅರ್ಜಿದಾರರ ಸಾಲಿನಲ್ಲಿ, ಎಷ್ಟು ಜನ ಇದ್ದಾರೆ ಎಂಬುದರ ಮೇಲೆ ಅದು ಏರಿಳಿಯುತ್ತದೆ. ನಾವು ಕಲಿತ ಹಾಗೆ ಉಳಿದವರೂ ಕಲಿಯುತ್ತಿದ್ದಾರಲ್ಲ. ಇನ್ನೊಂದು, ಫ್ರೆಂಚ್ ಬಂದ ಮಾತ್ರಕ್ಕೆ ಮಿಕ್ಕ ಅರ್ಹತೆ ಮನ್ನಾ ಆಗುವುದಿಲ್ಲ. ಡಿಗ್ರಿಯ ಮೌಲ್ಯಮಾಪನ, ಅನುಭವದ ಪತ್ರ, ಬ್ಯಾಂಕಿನಲ್ಲಿ ದುಡ್ಡು ಎಲ್ಲ ಬೇಕೇ ಬೇಕು.

‘ನಾಲ್ಕು ತಿಂಗಳಲ್ಲಿ ಎನ್‌ಸಿಎಲ್‌ಸಿ 7, ಗ್ಯಾರಂಟಿ’

ಸ್ಟೇಷನ್ ಹೊರಗಿನ ಕಂಬಗಳ ಮೇಲಿನ ಮಾತು. 7ನೇ ಹಂತ ಸುಮಾರಾಗಿ ಬಿ2 ಮಟ್ಟದ್ದು. ಸೊನ್ನೆಯಿಂದ ಅಲ್ಲಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ 500ರಿಂದ 600 ಗಂಟೆ. ಕೆಲಸ ಮುಗಿಸಿ ಬಂದು ವಾರಕ್ಕೆ ಹತ್ತು ಗಂಟೆ ಕೂತರೂ ಸುಮಾರು ಒಂದು ವರ್ಷ ಹಿಡಿಯುತ್ತದೆ. ‘ಅಷ್ಟರಲ್ಲಿ ವಯಸ್ಸಿನ ಪಾಯಿಂಟ್ ಹೋಗ್ತದಲ್ಲ’ ಎಂಬ ಆತಂಕವನ್ನೂ ಕೇಳಿದ್ದೇನೆ. ಒಂಟಿ ಅರ್ಜಿದಾರರಿಗೆ 29ರವರೆಗೆ 110, 32ಕ್ಕೆ 94, 33ಕ್ಕೆ 88. ಒಂದು ವರ್ಷಕ್ಕೆ ಐದಾರು ಅಂಕ ಇಳಿಯುತ್ತದೆ, ಕೈಗೆ ಬರುವುದು 62. 2025ರ ಮಾರ್ಚ್ 25ರಿಂದ ಕೆಲಸದ ಆಫರ್‌ಗೆ ಕೊಡುತ್ತಿದ್ದ ಸಿಆರ್‌ಎಸ್ ಅಂಕವನ್ನೂ ತೆಗೆದಿದ್ದಾರೆ, ಹಾಗಾಗಿ ಫ್ರೆಂಚಿನ ತೂಕ ಇನ್ನೂ ಹೆಚ್ಚಿದೆ.

ಪರೀಕ್ಷೆ ಬರೆಯದೆ ಅಂಕಪಟ್ಟಿ ಕೊಡಿಸುತ್ತೇವೆ ಎನ್ನುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಂಕವನ್ನು ಪರೀಕ್ಷಾ ಸಂಸ್ಥೆಯಿಂದಲೇ ತಾಳೆ ನೋಡುತ್ತಾರೆ. ಸುಳ್ಳು ದಾಖಲೆ ಸಿಕ್ಕರೆ ಐದು ವರ್ಷ ಕೆನಡಾದ ಬಾಗಿಲು ಬಂದ್.

‘ಒಮ್ಮೆ ಬರೆದ್ರೆ ಮುಗೀತು’

ಅಂಕಪಟ್ಟಿಗೆ ಎರಡು ವರ್ಷ ಆಯುಷ್ಯ. ಪ್ರೊಫೈಲ್ ಹಾಕುವ ದಿನ ಜೀವಂತ ಇದ್ದರೆ ಸಾಲದು, ಆಮಂತ್ರಣ ಬಂದು ಪಿಆರ್ ಅರ್ಜಿ ಸಲ್ಲಿಸುವ ದಿನವೂ ಇರಬೇಕು. ಆಮಂತ್ರಣದ ನಂತರ ಸಿಗುವುದು 60 ದಿನ. ಆ ಅರವತ್ತರ ನಡುವೆ ಅಂಕಪಟ್ಟಿ ಮುಗಿಯುವುದಾದರೆ ನಿಮಗಿರುವ ಗಡುವು ಅಂಕಪಟ್ಟಿಯದು, ಆಮಂತ್ರಣದ್ದಲ್ಲ. ಪೊಲೀಸ್ ಕ್ಲಿಯರೆನ್ಸ್, ಬ್ಯಾಂಕ್ ಪತ್ರ ಎಂದು ಓಡಾಡುತ್ತ ತಾರೀಖು ಮರೆತವರು ಮತ್ತೆ ಕೊಳಕ್ಕೆ ಬೀಳುತ್ತಾರೆ. ಪ್ರೊಫೈಲಿನಲ್ಲಿ ಇದ್ದು ಕಾಯುತ್ತಿರುವವರು ಅಂಕಪಟ್ಟಿಗೆ ಒಂದೂವರೆ ವರ್ಷ ತುಂಬುತ್ತಿದ್ದಂತೆ ಮುಂದಿನ ಸೀಟು ಹಿಡಿಯುವುದು ಒಳ್ಳೆಯದು. ಹೊಸ ಫಲಿತಾಂಶ ಕೈಗೆ ಬಂದ ದಿನವೇ ಪ್ರೊಫೈಲಿನಲ್ಲಿ ಅಂಕ, ತಾರೀಖು, ಪ್ರಮಾಣಪತ್ರದ ಸಂಖ್ಯೆ ಮೂರನ್ನೂ ಬದಲಿಸಬೇಕು.